ದೊಡ್ಡ ಮಿಸ್ಸು ಮುಟ್ಟದೆ ನೋಡಿದ್ದು

ನಮ್ಮ ಶಿಶುವಿಹಾರದ ದೊಡ್ಡ ಮಿಸ್ಸಿಗೆ ಕೈ ಸುಮ್ಮನಿರುವುದೆಂದರೇನೆಂದೇ ಗೊತ್ತಿಲ್ಲ. ಬಸ್ಸಿನಲ್ಲಿ ಕೂತರೂ ಮುಂದಿನ ಸೀಟಿನ ಮಗುವಿನ ಟೋಪಿ ಸರಿಮಾಡುತ್ತಾರೆ. ಇಂಥವರನ್ನು ಹೊರದೇಶದ ಶಿಶುವಿಹಾರ ನೋಡಿ ಕಲಿತು ಬನ್ನಿ ಎಂದು ಕಳಿಸಿದರು, ಕಾವಲಿಗೆ ಅವರ ಕೈಕೆಳಗಿನ ಚಿಕ್ಕ ಮಿಸ್ಸಾದ ನನ್ನನ್ನೂ. ವರ್ಷವರ್ಷವೂ ಅರ್ಜಿ ಹಾಕಿ ಹಾಕಿ, ನಿವೃತ್ತಿ ಹತ್ತಿರ ಬಂದಾಗ ಅವರಿಗೆ ಸಿಕ್ಕ ಅವಕಾಶ.

ಅಲ್ಲಿನ ನಿಯಮ ಒಂದೇ: ನೋಡಲು ಬಂದವರು ಗೋಡೆಯ ಪಕ್ಕ ಕೂತು ನೋಡಬೇಕು, ಮಕ್ಕಳನ್ನು ಮುಟ್ಟಕೂಡದು. ದೊಡ್ಡ ಮಿಸ್ಸು ಮೊದಲ ದಿನವೇ ಒಬ್ಬಳ ಶೂ ಲೇಸು ಕಟ್ಟಿದರು. ಮರುದಿನ ಇನ್ನೊಬ್ಬನಿಗೆ ಬಾಳೆಹಣ್ಣು ಸುಲಿದುಕೊಟ್ಟರು. ಅವನೋ, ತಾನೇ ಸುಲಿಯಲು ಹೆಣಗಿ ಇನ್ನೇನು ಗೆಲ್ಲುವುದರಲ್ಲಿದ್ದ. ಹಣ್ಣು ಎಸೆದು ರಂಪ ಮಾಡಿದ. ಅಲ್ಲಿನ ಟೀಚರ್ ನಗುನಗುತ್ತಲೇ ಏನೋ ಹೇಳಿದರು. ನಮ್ಮ ಜೊತೆಗೆ ಕೊಟ್ಟಿದ್ದ ಗೈಡ್ ಅದನ್ನು ಕನ್ನಡದಲ್ಲಿ ಹೇಳಿದಳು: "ಇನ್ನೊಂದ್ಸಲ ಮುಟ್ಟಿದ್ರೆ ನಿಮ್ಮನ್ನ ಕ್ಲಾಸಿಗೇ ಬಿಡಲ್ವಂತೆ. ಪ್ರವಾಸ ಮುಗಿಯೋವರೆಗೂ ರೂಮಲ್ಲೇ ಇರ್ಬೇಕಂತೆ."

"ಕೇಳಿಸ್ತಾ?" ಎಂದು ನಾನೂ ಗದರಿದೆ. "ಇಷ್ಟು ದೂರ ಬಂದು ಹಾಸಿಗೆ ಕಾಯ್ತೀರಾ?"

ಆಮೇಲಿನ ದಿನ ಹೊಸ ಮಗುವೊಂದು ಸೇರಿತು. ಅಮ್ಮ ಬಾಗಿಲು ದಾಟಿದ್ದೇ ತಡ, ಸೂರು ಹಾರಿಹೋಗುವಂತೆ ಅಳು. ಟೀಚರ್ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತರು. ಎತ್ತಿಕೊಳ್ಳಲಿಲ್ಲ, ಅದಾಗಿಯೇ ಬರಲೆಂದು ಕಾದರು. ನನಗಂತೂ ಮೈ ಉರಿಯಿತು. ದೊಡ್ಡ ಮಿಸ್ಸು ಎರಡೂ ಕೈ ತೊಡೆಯಡಿ ಸಿಕ್ಕಿಸಿಕೊಂಡು ಕೂತಿದ್ದರು.

"ನನ್ನ ಮಗಳೂ ಹೀಗೇ ಬಾಗಿಲು ಹಿಡ್ಕೊಂಡು ಅಳ್ತಿದ್ಲು ಕಣೇ," ಎಂದರು ಮೆಲ್ಲಗೆ. "ಅತ್ತೆ ಹತ್ರ ಬಿಟ್ಟು, ತಿರುಗೂ ನೋಡ್ದೆ ಓಡಿಬರ್ತಿದ್ದೆ. ಬಂದು ಇನ್ಯಾರ್ದೋ ಮಕ್ಕಳನ್ನ ಎತ್ಕೋತಿದ್ದೆ."

"ಈಗ ಅದೆಲ್ಲ ಯಾಕೆ, ಸುಮ್ನಿರಿ," ಎನ್ನುವಷ್ಟರಲ್ಲಿ ಅವರ ಕಣ್ಣೀರು ಬಳಬಳ ಸುರಿಯಿತು. ಸದ್ದೂ ಬಂತು. ಅಯ್ಯೋ ದೇವರೇ, ಇಡೀ ತರಗತಿ ತಿರುಗಿ ನೋಡಿತು! ಅಳುತ್ತಿದ್ದ ಮಗುವೂ ಬಾಯಿ ಮುಚ್ಚಿತು. ಇಷ್ಟು ದೊಡ್ಡವರು ಅಳುವುದನ್ನು ಅದು ಕಂಡಿರಲಿಲ್ಲವೇನೋ. ಒಂದೊಂದೇ ಹೆಜ್ಜೆ ಇಟ್ಟು ಬಂತು, ಅವರ ಮಂಡಿ ಹಿಡಿದು ನಿಂತು ನೋಡಿತು, ಆಮೇಲೆ ಸೀದಾ ಮಡಿಲೇರಿ ಕೂತಿತು.

ದೊಡ್ಡ ಮಿಸ್ಸು ಎರಡೂ ಕೈ ಮೇಲೆತ್ತಿಬಿಟ್ಟರು, ಪೊಲೀಸರ ಕೈಗೆ ಸಿಕ್ಕವರ ಹಾಗೆ.

"ನಾನು ಮುಟ್ಟಿಲ್ಲ, ಅದೇ ಬಂತು!"

ಗೈಡ್ ಹೊರಗೆ ಹೋಗಿದ್ದಳು, ನಮ್ಮ ಮಾತು ಅಲ್ಲಿ ಇನ್ಯಾರಿಗೆ ತಿಳಿಯಬೇಕು? ಮಗು ಅವರ ಎದೆಗೊರಗಿ ಬಿಕ್ಕುತ್ತಿತ್ತು. ಎತ್ತಿದ ಕೈಗಳನ್ನು ಅವರು ಇಳಿಸಲೇ ಇಲ್ಲ.

ಟೀಚರ್ ಎದ್ದು ಬಂದರು. ದೊಡ್ಡ ಮಿಸ್ಸಿನ ಎರಡೂ ಕೈ ಹಿಡಿದು ಕೆಳಗಿಳಿಸಿ, ಮಗುವಿನ ಬೆನ್ನ ಮೇಲೆ ಇಟ್ಟರು.