ಕಿವಿಯಕ್ಕನ ಬ್ರೆಡ್

ಬೆಳಕು ಹರಿಯುವ ಮೊದಲೇ ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಓವನ್ ಕಾದಿದೆ. ಉಬ್ಬಿದ ಹಿಟ್ಟಿನ ಉಂಡೆಗಳ ಮುಂದೆ ನಿಂತ ಹೆಂಗಸು ಬ್ಲೇಡನ್ನು ನೀರಿಗೆ ಅದ್ದಿ, ಪ್ರತಿ ಉಂಡೆಯ ನೆತ್ತಿಯ ಮೇಲೆ ಓರೆಯಾಗಿ ಮೂರು ಗೀರು ಎಳೆಯುತ್ತಾರೆ. ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ವಿಪರೀತ ಉಬ್ಬಿದ ಒಂದು ಉಂಡೆಯನ್ನು, "ನಿಂಗ್ಯಾಕಮ್ಮ ಇಷ್ಟು ಸಿಟ್ಟು?" ಎಂದು ವಿಚಾರಿಸುತ್ತಾರೆ.

ಶಾಖಕ್ಕೆ ಒಳಗಿನ ಆವಿ ಹಿಗ್ಗಿದಾಗ ಗೀರಿದ ಕಡೆ ಮೇಲ್ಪದರ ಬಿರಿದು, ಅಂಚು ಎದ್ದು ನಿಂತು, ಕೆಂಪಗೆ ಗರಿಗರಿಯಾಗುತ್ತದೆ. ಆ ಅಂಚಿಗೆ ಇಲ್ಲಿ ‘ಕಿವಿ’ ಎಂದು ಹೆಸರು. ಹಾಗಾಗಿ ಮಕ್ಕಳ ಪಾಲಿಗೆ ಇವರು ಕಿವಿಯಕ್ಕ. "ನನ್ನ ನಿಜವಾದ ಹೆಸರು ಸಂಬಳಕ್ಕೆ ಸಹಿ ಹಾಕುವಾಗ ಮಾತ್ರ ನೆನಪಾಗುತ್ತೆ" ಎನ್ನುತ್ತಾರೆ.

ಹೆಸರಿನ ಮೂಲ ಅವರ ತವರಿನ ಹಿತ್ತಲಲ್ಲಿದೆ. ಅಲ್ಲಿನ ಮಣ್ಣಿನ ಒಲೆಯಲ್ಲಿ ಅವರ ತಾಯಿ ವಾರಕ್ಕೊಮ್ಮೆ ಬ್ರೆಡ್ ಸುಡುತ್ತಿದ್ದರು. ತಿನ್ನುವವರು ಮೂವರು, ಮೂವರದೂ ಮೂರು ಚಾಳಿ. ಅಣ್ಣ ತಿರುಳನ್ನೆಲ್ಲ ಬಗೆದು ತಿಂದು ಚಿಪ್ಪನ್ನು ಟೋಪಿ ಮಾಡಿಕೊಳ್ಳುತ್ತಿದ್ದ. ತಂಗಿ ತಿರುಳನ್ನು ಗೋಲಿಗಳಾಗಿ ಉಂಡೆ ಕಟ್ಟಿ, ಕಿಟಕಿಯಲ್ಲಿ ಸಾಲಾಗಿ ಜೋಡಿಸಿಟ್ಟು, ಆಮೇಲೆ ಒಂದೊಂದಾಗಿ ನುಂಗುತ್ತಿದ್ದಳು. ನಡುವಿನವರಾದ ಇವರು ಗರಿಗರಿ ಅಂಚನ್ನು ದಿಂಬಿನಡಿ ಬಚ್ಚಿಟ್ಟುಕೊಂಡು ಚೀಪುತ್ತಿದ್ದರು. "ಇರುವೆ ಬಂದು ಅಮ್ಮನ ಕೈಗೆ ಸಿಕ್ಕಿಬಿದ್ದೆ. ಆದ್ರೂ ಬಿಡ್ಲಿಲ್ಲ. ನನ್ನ ನೋಡಿ ಅವರಿಬ್ಬರಿಗೂ ಆಸೆ ಹುಟ್ಟಿ, ಅಂಚಿಗಾಗಿ ಮೂರೂ ಜನ ಕಿತ್ತಾಡ್ತಿದ್ವಿ. ಮೂರು ಗೀರು ಹಾಕಿ ಅಮ್ಮ ಜಗಳ ಬಿಡಿಸಿದ್ಲು. ‘ತಗೊಳ್ಳಿ, ತಲೆಗೊಂದು ಕಿವಿ. ಇನ್ನು ಕಿರುಚಿದ್ರೆ ಹಿಂಡೋದು ನಿಮ್ಮದನ್ನೇ’ ಅಂತ."

ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿ ಪಾತ್ರೆ ತೊಳೆಯಲು ಸೇರಿದವರು, ಬ್ರೆಡ್ ಸುಡುವವನು ಹೇಳದೆ ಕೇಳದೆ ಬಿಟ್ಟುಹೋದ ದಿನ ಹಿಟ್ಟಿಗೆ ಕೈಯಿಟ್ಟರು. ಈಗ ಇನ್ನೂರು ಮಕ್ಕಳಿಗೆ ದಿನಕ್ಕೆ ಐವತ್ತು ಬ್ರೆಡ್. ಮುಂಗೈ ತುಂಬ ಸುಟ್ಟ ಗೆರೆಗಳಿವೆ. ಮೊಣಕಾಲು ಆಗಾಗ ಮುಷ್ಕರ ಹೂಡುತ್ತದೆ.

ಈ ವರ್ಷ ಬಂದ ವಾರ್ಡನ್ ಮುಚ್ಚಳವಿರುವ ಚೌಕ ಅಚ್ಚುಗಳನ್ನು ತರಿಸಿದರು. ಎಲ್ಲರಿಗೂ ಒಂದೇ ಅಳತೆಯ ತುಂಡು ಸಿಗಲಿ ಎಂಬುದು ಅವರ ಉದ್ದೇಶ. ಆದರೆ ಮುಚ್ಚಳದಡಿ ಕಿವಿ ಏಳುವುದಿಲ್ಲ. ಉಳಿದ ಮಕ್ಕಳು ಗೊಣಗಿಕೊಂಡೇ ತಿಂದರು. ಒಂದನೇ ತರಗತಿಯ ಹೊಸ ಹುಡುಗಿ ಮಾತ್ರ ತಟ್ಟೆ ಮುಟ್ಟಲಿಲ್ಲ. ಬಂದಾಗಿನಿಂದ ಬೆಳಗಿನ ಹೊತ್ತು ಅವಳು ತಿನ್ನುತ್ತಿದ್ದದ್ದೇ ಕಿವಿ. ಹೀಗೇ ಆದರೆ ಮನೆಗೆ ಕಳಿಸಬೇಕಾದೀತು ಎಂದರು ವಾರ್ಡನ್. "ಮನೇಲಿ ನೋಡ್ಕೊಳ್ಳೋರಿಲ್ಲ ಅಂತಾನೇ ಅಲ್ವಾ ಇಲ್ಲಿ ಬಿಟ್ಟಿರೋದು? ಆದ್ರೆ ಹೊಸಬರ ಎದುರು ಬಾಯಿ ಬಿಡೋಕೂ ಭಯ" ಎನ್ನುತ್ತಾರೆ ಕಿವಿಯಕ್ಕ.

ಮೂರನೆಯ ದಿನ ಹುಡುಗಿ ಜಗಲಿಯಲ್ಲಿ ಕುಳಿತು ಬಿಕ್ಕುತ್ತಿದ್ದಳು. "ಇಲ್ಲಿ ಯಾರೂ ನಂಗೆ ಕಿವಿ ಕೊಡಲ್ಲ."

ಆ ದಾರಿಯಲ್ಲಿ ಬಂದ ವಾರ್ಡನ್ ಅದನ್ನು ಕೇಳಿ ನಿಂತರು. ತಮ್ಮ ನಿಲಯದಲ್ಲಿ ಮಗುವಿನ ಮಾತು ಕೇಳುವವರೇ ಇಲ್ಲವೇ? ಅವಳ ಪಕ್ಕ ನೆಲದಲ್ಲೇ ಕುಳಿತರು. "ನಾನು ಕೊಡ್ತೀನಿ ಪುಟ್ಟಿ, ಹೇಳು."

ಅವಳು ಮೂಗೊರೆಸಿಕೊಂಡು ಕೈ ಚಾಚಿದಳು. ಅವರು ಮಾತಿಗಾಗಿ ಕಾದರು, ಅವಳು ಬ್ರೆಡ್ಡಿಗಾಗಿ ಕಾದಳು. ಕೊನೆಗೆ ಅವಳೇ ಕೇಳಿದಳು, "ಕೊಡ್ತೀನಿ ಅಂದ್ರಲ್ಲ ಸರ್, ಎಲ್ಲಿ?"

ಬಾಗಿಲಲ್ಲಿ ನಿಂತಿದ್ದ ಕಿವಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆಗೇ ಧೈರ್ಯವೂ ಬಂತು. "‘ಸರ್, ಅವಳಿಗೆ ಬೇಕಾಗಿರೋದು ನಿಮ್ಮ ಕಿವಿ ಅಲ್ಲ, ನಂದು’ ಅಂದೆ. ಅವರು ಮೊದಲು ನನ್ನ ಮುಖ ನೋಡಿದ್ರು, ಆಮೇಲೆ ನನ್ನ ಕಿವಿ ನೋಡಿದ್ರು. ಎಲ್ಲಾ ಬಿಡಿಸಿ ಹೇಳೋ ಹೊತ್ತಿಗೆ ಸಾಕುಸಾಕಾಯ್ತು."

ಮರುದಿನದಿಂದ ಮುಚ್ಚಳಗಳು ಅಟ್ಟದಲ್ಲಿವೆ. ವಾರ್ಡನ್ ಕೂಡ ಚಹಾದ ನೆಪದಲ್ಲಿ ಅಡುಗೆಮನೆಗೆ ಬಂದು ಓವನ್ನಿನ ಕಡೆ ಇಣುಕುತ್ತಾರೆ.

ಹುಡುಗಿಯ ತಟ್ಟೆಯಲ್ಲಿ ತಿರುಳು ಉಳಿಯುತ್ತಿದೆಯಲ್ಲ ಎಂಬುದೊಂದೇ ಕಿವಿಯಕ್ಕನ ಕೊರಗಾಗಿತ್ತು. ಅದೂ ಈ ವಾರ ಕಳೆದಿದೆ. "ನಿನ್ನೆ ಬೆರಳಲ್ಲಿ ತಿರುಳು ಒತ್ತಿ ನೋಡಿ, ‘ಅಕ್ಕ, ಮೆತ್ತಗಿರೋ ಇದಕ್ಕೆ ಏನಂತಾರೆ?’ ಅಂದ್ಲು. ‘ಕೆನ್ನೆ’ ಅಂದ್ಬಿಟ್ಟೆ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು. ಇವತ್ತು ಎಲ್ಲರಿಗಿಂತ ಮೊದಲು ತಟ್ಟೆ ಹಿಡ್ಕೊಂಡು ಬಂದಿದ್ಲು. ಒಂದು ಕಿವಿ, ಎರಡು ಕೆನ್ನೆ ಬೇಕಂತೆ."