ಗಡಿಯಾರದ ಸಂಗಡ ಪಂದ್ಯ

ನಮ್ಮ ಕಾಲದಲ್ಲಿ ಸೈಕಲ್ ಮೇಲೆ ಕುಳಿತೇ ಹಿರಿಯರನ್ನು ದಾಟಿ ಹೋಗುವುದೆಂದರೆ ದೊಡ್ಡ ಸೊಕ್ಕು. ಎದುರಿಗೆ ಮಾಸ್ತರು ಬರಲಿ, ಮಠದ ಸ್ವಾಮಿಗಳು ಬರಲಿ, ಓಣಿಯ ಮುದುಕರು ಬರಲಿ, ಇಳಿಯಬೇಕು, ನಮಸ್ಕಾರ ಹೇಳಬೇಕು, ಅವರು ದಾಟಿದ ಮೇಲೆ ಹತ್ತಬೇಕು. ಎಪ್ಪತ್ತರ ದಶಕದ ಕೊನೆಯ ಮಾತು. ಖಾನಾಪುರದಿಂದ ಬೆಳಗಾವಿಗೆ ಹೋಗುವ ರಸ್ತೆಯ ಮೇಲಿನ ನಮ್ಮೂರಿನಲ್ಲಿ ಆಗ ಇದ್ದದ್ದೇ ನಾಲ್ಕು ಸೈಕಲ್ಲು. ಒಂದು ನಮ್ಮ ಬಾಜು ಮನಿಯ ತುಕಾರಾಮ ಕಾಕಾನದು. ಬೆಳಗಾವಿಯ ಹಿಂದವಾಡಿಯ ಮನೆಗಳಿಗೆ ಹಾಲು ಹಾಕುತ್ತಿದ್ದ. ಅವನ ಕಾಲು ಮುರಿದ ವರ್ಷ ಅದೇ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ನಾನೇ ಹಾಲು ಹಾಕಿ ಬಂದು ಸಾಲಿಗೆ ಹೋದೆ.

ಆಗ ನಾನು ಹತ್ತನೇ ತರಗತಿ. ನಮ್ಮ ಮನೆತನದಲ್ಲಿ ನಾಲ್ಕನೇ ಇಯತ್ತೆ ದಾಟಿದವರೇ ಇರಲಿಲ್ಲ.

"ಹತ್ತು ಮುಗಿಸು, ಸಾಕು," ಅಂದಿದ್ದ ಅಪ್ಪ. "ಕಾಲೇಜು ಬೆಳಗಾವ್ಯಾಗ ಐತಿ. ದಿನಾ ಹೆಂಗ ಹೋಗ್ತಿ? ರೆಕ್ಕಿ ಬಂದಾವೇನು?"

ಸುಗ್ಗಿಯಲ್ಲಿ, ಕೊಯ್ದ ಬಾಸುಮತಿ ಭತ್ತದ ಗಮಲು ಊರಿಗೆಲ್ಲ ಹರಡಿದ್ದಾಗ, ನಮ್ಮ ಮಾಸ್ತರು ಸುದ್ದಿ ತಂದರು. ಬೆಳಗಾವಿಯ ಸೈಕಲ್ ಸಂಘದವರು ಹುಡುಗರಿಗಾಗಿ ಪಂದ್ಯ ಇಟ್ಟಿದ್ದಾರೆ, ಗೆದ್ದವನಿಗೆ ಹೊಸ ಸೈಕಲ್ಲು. ಮಾಸ್ತರು ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಎಮ್ಮಿ ಕಡೆ ನೋಡಿದ.

ಪಂದ್ಯದ ದಿನ ಅವ್ವ ಮೊಸರು ಅವಲಕ್ಕಿಗೆ ಬೆಲ್ಲ ಹಾಕಿ ತಿನ್ನಿಸಿ ಕಳಿಸಿದಳು. ಖಾನಾಪುರದ ಮಲಪ್ರಭಾ ಸೇತುವೆಯ ಹತ್ತಿರ ಹನ್ನೊಂದು ಹುಡುಗರು. ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರೊಬ್ಬರು ಕೈಯಲ್ಲಿ ಗಡಿಯಾರ ಹಿಡಿದು ತಿಳಿಸಿ ಹೇಳಿದರು: "ಪರದೇಶದ ದೊಡ್ಡ ಸ್ಪರ್ಧೆಯೊಳಗ ಹಿಂಗ ಬಿಡ್ತಾರ. ಎಲ್ಲಾರೂ ಕೂಡಿ ಓಡೂದಲ್ಲ. ನಿಮಿಷಕ್ಕೊಬ್ಬ. ಎಂಟು ಕಿಲೋಮೀಟರ್ ಹೋಗಿ ಹೊಳ್ಳಿ ಬರ್ರಿ. ನಿಮ್ಮ ಪಂದ್ಯ ಗಡಿಯಾರದ ಸಂಗಡ."

ಬೆಳಗಾವಿ ಖಾಸಬಾಗದ ಹುಡುಗನೊಬ್ಬನದು ಟಗರಿನ ಕೊಂಬಿನ ಹಾಂಗೆ ಬಾಗಿದ ಹ್ಯಾಂಡಲಿನ ಸೈಕಲ್ಲು. ನಾನು ತಂದ ಕಾಕಾನ ಸೈಕಲ್ಲಿನ ಕ್ಯಾರಿಯರ್ ನೋಡಿ ನಕ್ಕ.

"ಏ, ಕ್ಯಾನ್ ಎಲ್ಲಿ ಬಿಟ್ಟು ಬಂದ್ಯೋ?"

"ಹಾಲು ನಿಮ್ಮನಿಗೇ ಹಾಕಿ ಬಂದೇನಿ. ನಿಮ್ಮವ್ವ ನಿನಗ ಕುಡಿಸಲಿಲ್ಲೇನು?"

ಹೆಸರು ಕಡೆಗೆ ಕೊಟ್ಟಿದ್ದರಿಂದ ನನ್ನನ್ನು ಕಡೆಗೆ ಬಿಟ್ಟರು. ತುಳಿದೆ. ಹಾಲಿನ ಭಾರ ಇಲ್ಲದ ಸೈಕಲ್ಲು ಗಾಳಿಗೆ ತೇಲಿದ ಹಾಗಿತ್ತು. ಅರ್ಧ ದಾರಿಯಲ್ಲಿ ನಮ್ಮೂರು ಬಂತು. ರಸ್ತೆ ಬದಿಗೆ ಊರಿಗೆ ಊರೇ ನಿಂತಿದೆ, ನಡುವೆ ಕೊಡೆ ಹಿಡಿದ ಮಾಸ್ತರು.

ನಾನು ಬ್ರೇಕ್ ಹಿಡಿದು ಇಳಿದುಬಿಟ್ಟೆ.

"ನಮಸ್ಕಾರ್ರೀ ಸರ್."

"ಏ ಹುಚ್ಚಪ್ಯಾ!" ಮಾಸ್ತರು ಕೊಡೆ ಎತ್ತಿ ಹೊಡೆಯಲಿಕ್ಕೇ ಬಂದರು. "ಪಂದ್ಯದಾಗ ಎಂಥಾ ನಮಸ್ಕಾರೋ? ಹತ್ತು, ಹತ್ತು!"

ಊರು ಗೊಳ್ಳೆಂದಿತು. ಹತ್ತಿದೆ, ಆದರೆ ಹೋದ ಹೊತ್ತು ಹೋಯಿತು. ಕಣ್ಣಲ್ಲಿ ನೀರು. ತಿರುಗುವ ಕಲ್ಲು ಮುಟ್ಟಿ ಹೊಳ್ಳುವಾಗ ಹೊಸ ಚಿಂತೆ ಹತ್ತಿತು: ಅವರೆಲ್ಲ ಇನ್ನೂ ಅಲ್ಲೇ ಇರ್ತಾರಲ್ಲ! ಇಳಿಯಬಾರದು ಅಂತ ಮನಸ್ಸಿಗೆ ಹೇಳಬಹುದು, ಕಾಲಿಗೆ ಹೇಳುವವರು ಯಾರು?

ಊರು ಮತ್ತೆ ಕಂಡಿತು. ಒಂದೂ ಮುಖ ಇಲ್ಲ! ಸಾಲಾಗಿ ಬರೀ ಬೆನ್ನು. ರುಮಾಲು ಸುತ್ತಿದ ತಲೆ, ಧೋತರ, ಸೆರಗು, ಎಲ್ಲವೂ ಗದ್ದೆಯ ಕಡೆ ತಿರುಗಿ ನಿಂತಿವೆ. ಮಾಸ್ತರೂ ಬೆನ್ನು ಹಾಕಿ ನಿಂತು ಗದ್ದೆಗೆ ಹೇಳಿದ ಹಾಗೆ ಕೂಗಿದರು:

"ಇಲ್ಲಿ ನಾವ್ಯಾರೂ ಇಲ್ಲೋ! ಹೊಡಿ!"

"ಪಳ ರೇ ಪೋರಾ, ಪಳ!" ಊರುಗೋಲಿನ ಮೇಲೆ ನಿಂತ ತುಕಾರಾಮ ಕಾಕಾ ತನ್ನ ಮರಾಠಿಯಲ್ಲಿ 'ಓಡು' ಅಂತ ಗದ್ದೆಗೆ ಒದರಿದ.

ನಗು, ಅಳು ಎರಡೂ ಕೂಡಿ ಬಂದವು. ಹಾಗೆ ನಾನು ಮುಂದೆಂದೂ ತುಳಿಯಲಿಲ್ಲ. ಸೇತುವೆ ಮುಟ್ಟಿದಾಗ ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದೆ. ಅಪ್ಪ ಅಲ್ಲಿ ಬಂದು ನಿಂತಿದ್ದ, ಮಾರಿ ಸಣ್ಣದು ಮಾಡಿಕೊಂಡು.

"ಹತ್ತು ಮಂದಿ ಬಂದ ಮ್ಯಾಲ ಬಂದ್ಯಲ್ಲೋ. ಇರಲಿ, ನಡಿ ಮನಿಗೆ."

ಸುಬೇದಾರರು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ನನ್ನ ಹೆಸರು ಓದಿದರು. ಮೊದಲನೆಯವನು!

ಅಪ್ಪ ನಂಬಲಿಲ್ಲ. "ಕಡೀಕ ಬಂದಾವ ಹೆಂಗ್ರೀ ಗೆಲ್ತಾನ? ಇನ್ನೊಮ್ಮಿ ನೋಡ್ರಿ ಸಾಹೇಬ್ರ, ಮಂದಿದು ನಮಗ ಬ್ಯಾಡ."

"ಕಡೀಕ ಬಿಟ್ಟಿದ್ವಿ, ಯಜಮಾನ್ರ. ಎಲ್ಲಾರಕಿಂತ ಮೂರು ಸೆಕೆಂಡ್ ಕಮ್ಮಿ ತಗೊಂಡು ಗೆದ್ದಾನ. ಖರೇ."

ಹೊಸ ಸೈಕಲ್ಲು ತಂದು ನಿಲ್ಲಿಸಿದರು. ಅಪ್ಪ ಹೆಗಲ ವಸ್ತ್ರದಿಂದ ಅದರ ಗಂಟೆ ಒರೆಸಿದ. ಬಹಳ ಹೊತ್ತು ಒರೆಸಿದ. ಆಮೇಲೆ ಕೇಳಿದ:

"ಕಾಲೇಜಿಗೆ ಮುಂಜಾನಿ ಎಷ್ಟಕ್ಕ ಹೊಂಡಬೇಕಾಕ್ಕೈತಿ?"

ಬಿ.ಎ. ಮುಗಿಯುವ ತನಕ ಅದೇ ಸೈಕಲ್ಲು, ಅದೇ ರಸ್ತೆ. ನಮ್ಮೂರಿನ ಮೊದಲ ಪದವೀಧರ ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಫಲಿತಾಂಶದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ತುಕಾರಾಮ ಕಾಕಾ ಹಾಲಿನ ಜೊತೆ ಹಿಂದವಾಡಿಯ ಮನೆಮನೆಗೂ "ನಮ್ಮ ಹುಡುಗ ಪಾಸಾದ" ಅಂತ ಸುದ್ದಿ ಹಾಕಿ ಬಂದ.

ಈಗ ನಮ್ಮೂರಲ್ಲಿ ಮನೆಗಿಬ್ಬರು ಡಿಗ್ರಿಯವರು. ಅದು ಆಗಬೇಕಾದದ್ದೇ, ಆಯಿತು. ಹೋದ ವರ್ಷ ನನ್ನ ತಮ್ಮನ ಮಗ ಪಾಸಾದ, ನನಗಿಂತ ಒಳ್ಳೆಯ ಅಂಕ. ಸಕ್ಕರೆ ತಗೊಂಡು ನಾನೇ ಕಾಕಾ ಇದ್ದ ಬಾಜು ಮನೆಗೆ ಹೋದೆ. ಈಗ ಅಲ್ಲಿರುವವರು ಸಕ್ಕರೆಗೆ ಕೈಚಾಚಿ ಕೇಳಿದರು: "ಯಾರ ಮಗರೀ ಅವ?"