ಎತ್ತಿದ ಕೈ

ನಾನು ಡಿಜೆ ಅಂದರೆ ಚನ್ನಗಿರಿಯ ಕಡೆ ಯಾರೂ ಬಣ್ಣದ ದೀಪ ತಿರುಗುವ ನೈಟ್ ಕ್ಲಬ್ಬನ್ನು ನೆನೆಸಿಕೊಳ್ಳುವುದಿಲ್ಲ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಗೋಡೆಯ ಹಾಗೆ ಜೋಡಿಸಿದ ಸ್ಪೀಕರುಗಳು, ಅವುಗಳ ಮೇಲೆ ಕಟ್ಟಿದ ಅಟ್ಟ, ಅಟ್ಟದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತ ಒಬ್ಬ ಮನುಷ್ಯ. ನಮ್ಮ ಕಡೆ ಡಿಜೆ ಅಂದರೆ ಅಷ್ಟೇ. ಟ್ರ್ಯಾಕ್ಟರ್ ನಿಧಾನಕ್ಕೆ ಮುಂದೆ ಹೋಗುತ್ತದೆ, ಜನ ಹಿಂದೆ ಕುಣಿಯುತ್ತ ಬರುತ್ತಾರೆ. ನಾನು ಜನರ ಕಡೆ ಮುಖ ಮಾಡಿ, ಹೋಗುವ ದಾರಿಗೆ ಬೆನ್ನು ಮಾಡಿ ನಿಂತಿರುತ್ತೇನೆ. ಹನ್ನೆರಡು ವರ್ಷದಿಂದ ಹೀಗೇ ನಿಂತಿದ್ದೇನೆ.

ನನಗೆ ಈ ಕೆಲಸ ಕಲಿಸಿದ್ದು ಚನ್ನಗಿರಿಯಲ್ಲಿ ಸೌಂಡ್ ಅಂಗಡಿ ಇಟ್ಟಿದ್ದ ಯಜಮಾನರು. ಅದಕ್ಕೂ ಮೊದಲು ನಾನು ನಲ್ಲೂರಿನಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದೆ. ಯಜಮಾನರು ವಯಸ್ಸಿನಲ್ಲಿದ್ದಾಗ ಒಂದೆರಡು ವರ್ಷ ದೊಡ್ಡ ಊರಿನ ಕ್ಲಬ್ಬೊಂದರಲ್ಲಿ ಇದ್ದು ಬಂದವರು. ಅಲ್ಲಿಯ ಡಿಜೆಗಳ ವಿಷಯ ಬಂದರೆ ಅವರಿಗೆ ನಗು ಬರುತ್ತಿತ್ತು.

"ಅಲ್ಲಿ ಅವನು ತಲೆ ಎತ್ತಿದ್ರೆ ದೊಡ್ಡದು. ಗಾಜಿನ ಹಿಂದೆ ನಿಂತು ತನ್ನ ಪಾಡಿಗೆ ತಾನು ಬಾರಿಸ್ತಾನೆ. ನಮ್ಮೂರಾಗೆ ಹಂಗೆ ನಿಂತ್ರೆ ಜನ ಚಪ್ಪಲಿ ಎಸೀತಾರೆ. ಇಲ್ಲಿ ಜನಾನ ಮಾತಾಡ್ಸ್ಬೇಕು, ಕೆಣಕ್ಬೇಕು, ಏಳಿಸ್ಬೇಕು."

ಅವರ ಪಾಠ ಒಂದೇ ಆಗಿತ್ತು. "ಮುಖ ನೋಡಬ್ಯಾಡ, ಕೈ ನೋಡು. ಮುಖ ಸುಳ್ಳು ಹೇಳ್ತಾವೆ. ಕೈ ಮ್ಯಾಲೆ ಐತೆ ಅಂದ್ರೆ ಜನ ನಿನ್ನ ಕಡೆ ಐತೆ. ಕೈ ಇಳೀತು ಅಂದ್ರೆ ಹಾಡು ಬದಲಾಯ್ಸು."

ನಾನು ಅದನ್ನು ಚೆನ್ನಾಗಿ ಕಲಿತೆ. ಮೈಕು ಕೈಗೆ ಬಂದರೆ ಮನೆಯಲ್ಲಿ ಬಾಯಿ ಬಿಡದ ನಾನು ಬೇರೆಯೇ ಮನುಷ್ಯನಾಗುತ್ತಿದ್ದೆ. ಮದುವೆಗಳಲ್ಲಿ ಕುರ್ಚಿಗೆ ಅಂಟಿಕೊಂಡ ಮಾವಂದಿರನ್ನು ಅಂಗಿಯ ಬಣ್ಣ ಹೇಳಿ ಎಬ್ಬಿಸುತ್ತಿದ್ದೆ. ಕೈ ಎತ್ತಿಸುವುದರಲ್ಲಿ ಇವನದು ಎತ್ತಿದ ಕೈ ಎಂದು ಜನ ತಮಾಷೆ ಮಾಡುತ್ತಿದ್ದರು. ಮೇಲಿನಿಂದ ನೋಡಿದರೆ ಸಾಲು ಸಾಲು ಕೈಗಳು. ಆ ಕೈಗಳ ಕೆಳಗೆ ಇರುವವರು ಯಾರು ಎಂದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕು ಅಂತ ಅನಿಸಿಯೂ ಇರಲಿಲ್ಲ.

ಒಂದು ವರ್ಷ ಹೊನ್ನಾಳಿಯಲ್ಲಿ ಒಂದು ಬೀದಿಯವರ ಗಣಪತಿ ಬಿಡುವ ದಿನ ನಾವು ಹೋಗಿದ್ದೆವು. ಮಧ್ಯಾಹ್ನ ಊಟ ಮುಗಿಸಿ ಮೆರವಣಿಗೆ ಹೊರಟಿತು. ಬೆಳಿಗ್ಗೆ ಸಣ್ಣ ಮಳೆ ಬಂದು ನಿಂತಿದ್ದರಿಂದ ಬಿಸಿಲಿಗೆ ನೆಲದಿಂದ ಝಳ ಏಳುತ್ತಿತ್ತು. ಹೊಳೆಯ ಕಡೆ ಇಳಿಯುವ ರಸ್ತೆ ಕಿರಿದಾಗುತ್ತ ಹೋಗುತ್ತದೆ. ಎರಡೂ ಕಡೆ ಅಂಗಡಿಗಳು. ಶಬ್ದ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಜನ ಒತ್ತೊತ್ತಾಗಿ, ಗುಲಾಲಿನಲ್ಲಿ ಮುಳುಗಿ ಕುಣಿಯುತ್ತಿದ್ದರು.

ಆ ಗುಂಪಿನ ನಡುವಿನಿಂದ ಒಬ್ಬ ಮನುಷ್ಯ ಮುಂದೆ ನುಗ್ಗಿ ಬಂದ. ಒಂದು ಕೈ ಮೇಲೆತ್ತಿ ಬೀಸುತ್ತಿದ್ದ, ಇನ್ನೊಂದು ಕೈಯಿಂದ ನೆಲ ತೋರಿಸುತ್ತಿದ್ದ. ಬಾಯಿ ತೆರೆದು ಏನೋ ಕೂಗುತ್ತಿದ್ದ. ಅಲ್ಲಿ ಎಲ್ಲರ ಬಾಯಿಯೂ ತೆರೆದೇ ಇತ್ತು. ನನಗೆ ಅದು ಗೊತ್ತಿದ್ದ ಸನ್ನೆ ಅನಿಸಿತು. ನಮ್ಮ ಕೆಲಸದಲ್ಲಿ ಕೈ ಕೆಳಗೆ ತೋರಿಸಿದರೆ ಹಾಡನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿ ಬೇಸನ್ನು, ಎದೆಗೆ ಗುದ್ದುವ ಆ ದಪ್ಪ ಸದ್ದನ್ನು, ಧಡಾರನೆ ಕೆಡವು ಅಂತ ಅರ್ಥ. ನಾನು ಅವನ ಕಡೆ ನೋಡಿ ನಕ್ಕೆ. ಹೆಬ್ಬೆರಳು ಎತ್ತಿ ತೋರಿಸಿದೆ. ಮೈಕಿನಲ್ಲಿ ಕೂಗಿದೆ: "ಅಣ್ಣಾರಿಗೆ ಇನ್ನೂ ಬೇಕಂತೆ! ಎಲ್ಲಾ ಕೈ ಮ್ಯಾಲೆ!"

ಎಲ್ಲ ಕೈಗಳೂ ಮೇಲೆ ಹೋದವು. ನಾನು ಬೇಸ್ ಕೆಡವಿದೆ. ಜನ ಒಟ್ಟಿಗೆ ಹಾರಿದರು. ಆ ಮನುಷ್ಯ ಒಂದು ಗಳಿಗೆ ನನ್ನನ್ನೇ ನೋಡುತ್ತ ನಿಂತವನು ತಿರುಗಿ ಗುಂಪಿನೊಳಗೆ ಹೋದ.

ಆಮೇಲೆ ಪೊಲೀಸಿನವರೊಬ್ಬರು ಓಡಿ ಬಂದು ಟ್ರ್ಯಾಕ್ಟರಿನ ಬಾನೆಟ್ಟಿಗೆ ಲಾಠಿಯಿಂದ ಬಡಿದರು. ಟ್ರ್ಯಾಕ್ಟರ್ ನಿಂತಿತು. ಗುಂಪು ಅಲ್ಲಲ್ಲಿ ಚದುರಿತು. ಆಗಲೂ ನಾನು ಹಾಡು ನಿಲ್ಲಿಸಿರಲಿಲ್ಲ. ಜಾಗವಾದಾಗ ನೋಡಿದರೆ ನೆಲದ ಮೇಲೆ ಒಬ್ಬರು ಬಿದ್ದಿದ್ದರು. ಮುಖವೆಲ್ಲ ಗುಲಾಲಿನಿಂದ ಕೆಂಪಾಗಿತ್ತು. ಕೈ ಬೀಸಿದವನು ಪಕ್ಕದಲ್ಲಿ ಮಂಡಿಯೂರಿ ಅವರ ಎದೆ ಒತ್ತುತ್ತಿದ್ದ. ಆಗ ಹಾಡು ನಿಲ್ಲಿಸಿದೆ. ಅಷ್ಟು ಹೊತ್ತಿನ ಶಬ್ದದ ಮೇಲೆ ಬಂದ ಆ ಮೌನದಲ್ಲಿ ಒಂದು ಅಂಗಡಿಯ ಫ್ಯಾನು ತಿರುಗುವುದು ಕೇಳಿಸುತ್ತಿತ್ತು.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ದಾವಣಗೆರೆಗೆ ಒಯ್ಯುವಾಗ ದಾರಿಯಲ್ಲಿ ಜೀವ ಹೋಯಿತು. ಹೃದಯ ನಿಂತಿದ್ದು ಅಂದರು. ಅವರಿಗೆ ಮೊದಲೇ ತೊಂದರೆ ಇತ್ತು ಎಂದರು ಕೆಲವರು, ಸೌಂಡಿಗೇ ಹೋಯಿತು ಎಂದರು ಕೆಲವರು. ಬಿದ್ದು ಎಷ್ಟು ಹೊತ್ತಾಗಿತ್ತು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಪೊಲೀಸರು ನನ್ನ ಹೇಳಿಕೆ ಬರೆದುಕೊಂಡು ಕಳಿಸಿದರು. ನನ್ನ ಮೇಲೆ ಯಾರೂ ದೂರು ಕೊಡಲಿಲ್ಲ.

ದೂರು ಕೊಟ್ಟಿದ್ದರೆ ವಾಸಿ ಇತ್ತು ಅಂತ ಆ ದಿನಗಳಲ್ಲಿ ಅನಿಸುತ್ತಿತ್ತು. ಊಟಕ್ಕೆ ಕೂತರೆ ಅವತ್ತು ಎತ್ತಿ ತೋರಿಸಿದ ನನ್ನದೇ ಹೆಬ್ಬೆರಳು ಕಣ್ಣ ಮುಂದೆ ಬರುತ್ತಿತ್ತು. ಹದಿನೈದು ದಿನ ಕಳೆದ ಮೇಲೆ ಹೆಂಡತಿಗೂ ಹೇಳದೆ ಹೊನ್ನಾಳಿಯ ಬಸ್ಸು ಹತ್ತಿದೆ.

ತೀರಿಕೊಂಡವರು ದರ್ಜಿಯಾಗಿದ್ದರಂತೆ. ಮನೆಯ ಮುಂದಿನ ಕೋಣೆಯಲ್ಲೇ ಎರಡು ಹೊಲಿಗೆ ಯಂತ್ರ. ಒಂದರ ಮೇಲೆ ಬಟ್ಟೆ ಹೊದಿಸಿದ್ದರು. ಇನ್ನೊಂದರ ಮುಂದೆ ಅವರ ಹೆಂಡತಿ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದರು. ಕೈ ಬೀಸಿದ್ದವನೂ ಅಲ್ಲೇ ಇದ್ದ. ಅವನು ಆಕೆಯ ತಮ್ಮ. ನಾನು ಯಾರೆಂದು ಹೇಳುವ ಮೊದಲೇ ಅವನಿಗೆ ಗುರುತು ಸಿಕ್ಕಿತು.

"ಡಿಜೆಯೋರು," ಎಂದು ಅಕ್ಕನಿಗೆ ಹೇಳಿದ. ನನಗೆ ಕುರ್ಚಿ ಹಾಕಿ ತಾನು ಬಾಗಿಲಿಗೆ ಒರಗಿ ನಿಂತ.

ನಾನು ಬಸ್ಸಿನಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. "ನನಗೆ ಗೊತ್ತಾಗ್ಲಿಲ್ಲ," ಎಂದಷ್ಟೇ ಹೇಳಿದೆ.

ತಮ್ಮ ಹೇಳಿದ: "ನಾನು ಕೈ ಮಾಡಿದ್ದು ನಿಲ್ಸು ಅಂತ. ಭಾವ ಬಿದ್ದಾರೆ ನೋಡು ಅಂತ ನೆಲ ತೋರಿಸಿದೆ. ನೀವು ನಗಾಡಿದ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದ. ಆಕೆ ಸೂಜಿಯನ್ನು ರವಿಕೆಗೆ ಚುಚ್ಚಿಟ್ಟು ನನ್ನ ಕಡೆ ತಿರುಗಿದರು.

"ನಾನು ಮನೆಯಾಗೇ ಇದ್ದೆ ಕಣ್ರಿ. ಅವರು ಕುಣಿದಿದ್ದು ನಾನು ಯಾವತ್ತೂ ನೋಡಿಲ್ಲ. ಮನೆಯಾಗೆ ಬಲು ಗಂಭೀರ. ನೀವು ಮ್ಯಾಲೆ ನಿಂತಿದ್ರಲ್ಲ, ನಿಮಗೆ ಎಲ್ಲಾ ಕಾಣ್ತಿತ್ತಲ್ಲ. ಕುಣೀತಿದ್ರಾ ಅವರು?"

"ಹೂಂ," ಎಂದೆ. "ಚೆನ್ನಾಗಿ ಕುಣೀತಿದ್ರು."

"ಖುಷಿಯಾಗಿದ್ರಾ?"

"ಹೂಂ, ಖುಷಿಯಾಗಿದ್ರು."

ಆಕೆಯ ಮುಖ ಸ್ವಲ್ಪ ಸಡಿಲಾಯಿತು. "ಹೊಸ ಟವೆಲ್ ತಗೊಂಡು ಹೋಗಿದ್ರು. ತಲೆಗೆ ಸುತ್ಕೊಂಡಿದ್ರೋ, ನಡಕ್ಕೆ ಕಟ್ಕೊಂಡಿದ್ರೋ?"

ನನ್ನನ್ನು ಪರೀಕ್ಷೆ ಮಾಡುವ ಉದ್ದೇಶ ಆಕೆಗೆ ಇರಲಿಲ್ಲ. ಗಂಡನನ್ನು ಕಣ್ಣೆದುರು ತಂದುಕೊಳ್ಳಲು ಇನ್ನೊಂದು ಎಳೆ ಬೇಕಾಗಿತ್ತು, ಅಷ್ಟೇ. ತಲೆಗೆ ಅಂದುಬಿಡಬಹುದಿತ್ತು. ಆದರೆ ಬಾಗಿಲ ಬಳಿ ಎಲ್ಲ ಕಂಡವನು ನಿಂತಿದ್ದ. ಅವನು ಇಲ್ಲದಿದ್ದರೂ ನನ್ನಿಂದ ಹೇಳಲಾಗುತ್ತಿರಲಿಲ್ಲ ಅಂತ ಇವತ್ತು ಅಂದುಕೊಳ್ಳುತ್ತೇನೆ. ನಿಜ ಏನೋ ಗೊತ್ತಿಲ್ಲ. ನಾನು ತಲೆ ತಗ್ಗಿಸಿ ಕೂತೆ.

ಆಕೆಗೆ ಅರ್ಥವಾಯಿತು. ರವಿಕೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಇರ್ಲಿ ಬಿಡ್ರಿ," ಎಂದರು. "ಅಷ್ಟು ಜನದಾಗೆ ಒಬ್ರು ಹೆಂಗೆ ಕಾಣ್ತಾರೆ." ಆಮೇಲೆ ತಮ್ಮನಿಗೆ, "ಟೀ ಮಾಡಾಕೆ ಇಡು," ಎಂದರು.

ಟೀ ಕುಡಿದು ಎದ್ದೆ. ಬಯ್ಯಿಸಿಕೊಂಡಿದ್ದರೆ ಮರೆಯುತ್ತಿದ್ದೆನೋ ಏನೋ.

ಊರಿಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ವೈರು ಸುತ್ತುತ್ತಲೇ ಹೇಳಿದರು: "ನೋಡು, ಸಾವಿರ ಮಂದಿ ಮುಖ ನೋಡಾಕೆ ಯಾರಿಂದ್ಲೂ ಆಗಲ್ಲ. ಡಾಕ್ಟರೂ ನೀನೇ, ಪೊಲೀಸೂ ನೀನೇ ಆದ್ರೆ ಹಾಡು ಹಾಕೋರು ಯಾರು? ಅವನ ಗಳಿಗೆ ಬಂದಿತ್ತು, ಹೋದ. ನಿನ್ನ ತಲೆ ಮ್ಯಾಲೆ ಹಾಕ್ಕೋಬ್ಯಾಡ." ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಒಪ್ಪಲೂ ಆಗಲಿಲ್ಲ.

ಆ ವರ್ಷ ನಾನು ಮೈಕು ಮುಟ್ಟಲಿಲ್ಲ. ಕ್ಲಬ್ಬಿನ ಡಿಜೆಗಳ ಹಾಗೆ ತಲೆ ತಗ್ಗಿಸಿ ಹಾಡು ಹಾಕುತ್ತಿದ್ದೆ. ಯಾರನ್ನೂ ಕರೆಯುವುದಿಲ್ಲ, ಕೆಣಕುವುದಿಲ್ಲ, ಯಾರ ಸನ್ನೆಗೂ ಉತ್ತರ ಕೊಡುವುದಿಲ್ಲ. ನಾನು ಮಾತಾಡದಿದ್ದರೆ ನನ್ನಿಂದ ತಪ್ಪೂ ಆಗುವುದಿಲ್ಲ ಎಂಬ ಲೆಕ್ಕ. ನ್ಯಾಮತಿಯ ಒಂದು ಮದುವೆಯಲ್ಲಿ ಹೀಗೇ ಎರಡು ಗಂಟೆ ಬಾರಿಸಿದೆ. ಹಾಡುಗಳೆಲ್ಲ ಒಳ್ಳೆಯವೇ. ನಾಲ್ಕು ಮಕ್ಕಳು ಬಿಟ್ಟರೆ ಯಾರೂ ಏಳಲಿಲ್ಲ. ಮದುಮಗಳು ಸ್ಟೇಜಿನ ಮೇಲೆ ಕಾಲ ಬೆರಳಲ್ಲೇ ತಾಳ ಹಾಕುತ್ತ, ಯಾರಾದರೂ ಕರೆಯುತ್ತಾರೇನೋ ಎಂದು ಕಾಯುತ್ತಿದ್ದಳಂತೆ. ಅದನ್ನು ಆಮೇಲೆ ಅವಳ ಅಣ್ಣ ಹೇಳಿದ.

"ಏನ್ರಿ, ಪೆನ್‌ಡ್ರೈವ್ ಚುಚ್ಚಿ ಹೋಗಿದ್ರೂ ಇಷ್ಟೇ ಆಗ್ತಿತ್ತಲ್ರಿ. ಒಂದು ಸಲನಾದ್ರೂ ನಮ್ ಕಡೆ ನೋಡಬಾರ್ದಾ ನೀವು? ನನ್ ತಂಗಿ ಮೊಕ ಸಣ್ಣಗಾತು."

ನನಗೆ ನಾಚಿಕೆಯಾಯಿತು. ಹೊನ್ನಾಳಿಯಲ್ಲಿ ನಾನು ಜನರನ್ನು ನೋಡಿರಲಿಲ್ಲ. ನ್ಯಾಮತಿಯಲ್ಲೂ ನೋಡಲಿಲ್ಲ. ಒಂದು ಕಡೆ ಅರಚುತ್ತ ನೋಡಲಿಲ್ಲ, ಇನ್ನೊಂದು ಕಡೆ ಬಾಯಿ ಮುಚ್ಚಿಕೊಂಡು ನೋಡಲಿಲ್ಲ.

ಅಲ್ಲಿಂದ ಮುಂದೆ ಒಂದು ರೂಢಿ ಮಾಡಿಕೊಂಡೆ. ಕಾರ್ಯಕ್ರಮಕ್ಕೆ ಮುಂಚೆ ಅಟ್ಟದಿಂದ ಇಳಿದು ಜನರ ನಡುವೆ ಅರ್ಧ ಗಂಟೆ ಓಡಾಡುತ್ತೇನೆ. ಮಂಡಿ ನೋವಿನವರು ಯಾರು, ಕುಣಿಯಲು ಆಸೆಯಿದ್ದೂ ಹಿಂಜರಿಯುವವರು ಯಾರು, ಕರೆಯಲೇಬಾರದವರು ಯಾರು ಎಂದು ಕೇಳಿಕೊಳ್ಳುತ್ತೇನೆ. ಎಲ್ಲರೂ ಗೊತ್ತಾಗುವುದಿಲ್ಲ. ಐದೋ ಆರೋ ಮುಖ ಗೊತ್ತಾಗುತ್ತವೆ. ಆಮೇಲೆ ಮೈಕಿನಲ್ಲಿ ಮೊದಲ ಮಾತು ಒಂದೇ: ಎರಡೂ ಕೈ ತಲೆಯ ಮೇಲೆ ಕತ್ತರಿ ಹಾಕಿ ತೋರಿಸಿದರೆ ಹಾಡು ನಿಲ್ಲಿಸುತ್ತೇನೆ, ಯಾರು ತೋರಿಸಿದರೂ ಸರಿ, ಯಾಕೆ ಅಂತ ಆಮೇಲೆ ಕೇಳುತ್ತೇನೆ.

ಇದನ್ನು ಆಟಕ್ಕೆ ಬಳಸುವವರೇ ಹೆಚ್ಚು. ಬೇಕಂತಲೇ ಕತ್ತರಿ ಹಾಕಿ ನಿಲ್ಲಿಸಿ ನಗುತ್ತಾರೆ. ಆದರೂ ನಿಲ್ಲಿಸುತ್ತೇನೆ. ಹೀಗಾಗಿ ನನ್ನನ್ನು ಕರೆಯುವುದನ್ನು ಬಿಟ್ಟವರೂ ಇದ್ದಾರೆ.

ಜಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆಯ ಟೀಚರೊಬ್ಬರು ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳು ಅವರಿಗೆ ಮೆರವಣಿಗೆ ಇಟ್ಟುಕೊಂಡಿದ್ದರು. ಬೆಳಗಿನ ಹೊತ್ತು. ತೆರೆದ ವಾಹನದಲ್ಲಿ ಕೂರಲು ಒಪ್ಪದೆ ಟೀಚರ್ ಹಾರ ಹಾಕಿಕೊಂಡು ಎಲ್ಲರ ಜೊತೆ ನಡೆದೇ ಬರುತ್ತಿದ್ದರು. ಮೀಸೆ ಹಣ್ಣಾಗಲು ಶುರುವಾದ ವಿದ್ಯಾರ್ಥಿಗಳು ಅವರ ಸುತ್ತ ಕುಣಿಯುತ್ತಿದ್ದರು. ಅರ್ಧ ಊರು ದಾಟಿದ್ದೆವು. ಟೀಚರ್ ನಿಂತರು. ಎರಡೂ ಕೈ ಎತ್ತಿ ತಲೆಯ ಮೇಲೆ ಕತ್ತರಿ ಹಾಕಿದರು.

ನಾನು ಥಟ್ಟನೆ ನಿಲ್ಲಿಸಿದೆ. "ಅಯ್ಯೋ, ಯಾಕ್ರಿ ಟೀಚರ್!" ಎಂದು ಜನ ಗೊಣಗಿದರು.

"ಮುಂದಿನ ಮನೆಯಾಗೆ ಬಾಣಂತಿ ಅದಾಳೆ ಕಣ್ರೋ," ಎಂದರು ಟೀಚರ್. "ಮೂರು ದಿನದ ಕೂಸು. ಆ ಮನೆ ದಾಟೋತನಕ ಸುಮ್ನೆ ಬರ್ರಿ."

ಟ್ರ್ಯಾಕ್ಟರಿನವನು ಎಂಜಿನ್ನನ್ನು ಆದಷ್ಟು ಸಣ್ಣಗೆ ಮಾಡಿದ. ಅಷ್ಟೂ ಜನ ಚಪ್ಪಲಿ ಸದ್ದನ್ನು ಕೂಡ ಹಿಡಿದುಕೊಂಡು ನಡೆದರು. ಆ ಮನೆಯ ಜಗಲಿಗೆ ಒಬ್ಬಳು ಅಜ್ಜಿ ಬಂದು, ಇದೇನು ಹಾರ ಹಾಕಿಕೊಂಡು ಮೌನವಾಗಿ ಹೋಗುತ್ತಿದ್ದಾರೆ ಎಂದು ಗಾಬರಿಯಾಗಿ ನೋಡಿದಳು. ಟೀಚರ್ ತುಟಿಗೆ ಬೆರಳಿಟ್ಟು ಒಳಗೆ ಕೈ ತೋರಿಸಿದರು. ಅಜ್ಜಿ ನಕ್ಕಳು. ನಾನು ಅಟ್ಟದ ಮೇಲೆ ನಿಂತು, ಹಾಡಿನ ಗೋಜಿಲ್ಲದೆ, ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬನಿಗೆ ಏದುಸಿರು ಬಂದಿತ್ತು. ಕೆಳಗಿದ್ದವರಿಗೆ ಸನ್ನೆ ಮಾಡಿ ಅವನಿಗೆ ನೀರು ಕೊಡಿಸಿದೆ.

ಮೂರು ಮನೆ ದಾಟಿದ ಮೇಲೆ ಟೀಚರೇ ಕೈ ಬೀಸಿ, "ಹಾಕಪ್ಪಾ ಇನ್ನು," ಎಂದರು.

ಊಟಕ್ಕೆ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂಗೆ ನಿಲ್ಲಿಸುವ ಡಿಜೆಯನ್ನು ಎಲ್ಲೂ ನೋಡಿಲ್ಲ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಾನು ಹೊನ್ನಾಳಿಯ ವಿಷಯ ಹೇಳಿದೆ. ನಕ್ಕಿದ್ದನ್ನೂ ಹೇಳಿದೆ, ಆ ಹೆಣ್ಣುಮಗಳ ಮುಂದೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಹೊರಗಿನವರ ಹತ್ತಿರ ಅಷ್ಟು ಹೇಳಿದ್ದು ಅದೇ ಮೊದಲು. ನಿನ್ನ ತಪ್ಪಿಲ್ಲ ಅಂತ ಅವರು ಅನ್ನಲಿಲ್ಲ. ತಪ್ಪು ಅಂತಲೂ ಅನ್ನಲಿಲ್ಲ. ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿಸಿದರು. ನಾನು ಅದನ್ನು ಪೂರ್ತಿ ತಿಂದು, ಕೈ ತೊಳೆದು, ಸ್ಪೀಕರುಗಳನ್ನು ಬಿಚ್ಚಲು ಹೋದೆ.